ಬೋರ್ಡಿನಲ್ಲಿ ಇಲ್ಲದ ಬೀಗರು

ಸರೀಬುಲಾಕ್ ಜಂಕ್ಷನ್ನಿನ ಹೊಸ ಬೋರ್ಡನ್ನು ಸ್ಟೇಷನ್ ಮಾಸ್ತರ ಕೈರ್ಗೆಲ್ಡಿ ಸಾಹೇಬರು ಹೆತ್ತ ಮಗಳಿಗಿಂತ ಒಂದು ಕೈ ಹೆಚ್ಚೇ ಮುದ್ದು ಮಾಡುತ್ತಿದ್ದರು. ಗೋಡೆ ತುಂಬ ಅಗಲ, ಮೂರು ಭಾಷೆ, ಮೂಲೆಯಲ್ಲಿ ಹವಾಮಾನ ಬೇರೆ. ಇಷ್ಟು ಚೆಂದದ ಬೋರ್ಡು ಇರುವಾಗ ಮೈಕು ಯಾಕೆಂದು ಅದರ ಕೋಣೆಗೆ ಬೀಗ ಜಡಿದರು. ವರ್ಷಾನುಗಟ್ಟಲೆ ಗಾಡಿಗಳ ಹೆಸರು ಕೂಗಿದ್ದ ಬಾತಿಮಾಳನ್ನು ಲಗೇಜ್ ಕೋಣೆಗೆ ದಬ್ಬಿದರು. ಬೋರ್ಡಿಗೆ ಕೆಮ್ಮು ಬರುವುದಿಲ್ಲ, ಅದು ರಜೆ ಕೇಳುವುದಿಲ್ಲ ಎಂದು ಭಾಷಣವನ್ನೂ ಬಿಗಿದರು.

ಬೋರ್ಡಿನ ಹೊಟ್ಟೆ ಸಣ್ಣದೆಂದು ಗೊತ್ತಾದದ್ದು ಹೊಸವರ್ಷದ ನೌರಿಜ್ ಹಬ್ಬದ ಬೆಳಿಗ್ಗೆ. ಹಬ್ಬದ ವಿಶೇಷ ಗಾಡಿಯೊಂದನ್ನು ಸೇರಿಸಿದ್ದೇ ತಡ, ಇಡೀ ಬೋರ್ಡು ಕಪ್ಪಾಗಿ ಕೂತಿತು.

"ಅದರ ಸಾಫ್ಟ್‌ವೇರು ನಲವತ್ತು ಗಾಡಿಗಿಂತ ಜಾಸ್ತಿ ಹಿಡಿಯಲ್ಲ ಸಾಹೇಬ್ರೇ," ಎಂದ ಅದನ್ನು ಮಾರಿದವನು, ರಾಜಧಾನಿಯಿಂದ ಫೋನಿನಲ್ಲಿ. "ನೀವು ಇನ್ನೊಂದು ತುರುಕಿದ್ದೀರಿ."

"ಗಾಡಿ ಬರ್ತಿದೆಯಲ್ಲಪ್ಪ, ಏನ್ ಮಾಡ್ಲಿ? ವಾಪಸ್ ಹೋಗು ಅನ್ಲಾ?"

"ಯಾವುದಾದ್ರೂ ಒಂದನ್ನ ಅಳಿಸಿ. ಬೇಡದ್ದು ಒಂದು ಇದ್ದೇ ಇರುತ್ತಲ್ಲ."

ಬೇಡದ್ದನ್ನು ಹುಡುಕಲು ಸಾಹೇಬರಿಗೆ ಕಷ್ಟವಾಗಲಿಲ್ಲ. ಅರಾಲ್ ಸಮುದ್ರದ ಕಡೆಯಿಂದ ಸಿಕ್ಕಸಿಕ್ಕಲ್ಲಿ ನಿಂತು ಬರುವ ಗಾಡಿಯೊಂದಿತ್ತು. ಊರವರು ಅದನ್ನು ಒಂಟೆಗಾಡಿ ಎನ್ನುತ್ತಿದ್ದರು.

"ಅದರಲ್ಲೂ ಜನ ಬರ್ತಾರೆ ಸಾಹೇಬ್ರೇ," ಎಂದಳು ಬಾತಿಮಾ.

"ಯಾರು ಬರ್ತಾರೆ? ಒಣಮೀನು ಮಾರೋರು. ಅವರಿಗೆ ಬೋರ್ಡು ಯಾಕಮ್ಮ, ವಾಸನೇಲೇ ಗೊತ್ತಾಗುತ್ತೆ."

ಒಂಟೆಗಾಡಿ ಅಳಿಯಿತು. ಬೋರ್ಡು ಮತ್ತೆ ಬೆಳಗಿತು.

ಅವತ್ತೇ ಸಾಹೇಬರ ಮಗಳು ಅಕ್ಬೋತಾಳ ಕಿವಿಗೆ ಓಲೆ ಇಡಲು ಗಂಡಿನ ಕಡೆಯವರು ಬರುವವರಿದ್ದರು. ಓಲೆ ಬಿತ್ತೆಂದರೆ ಸಂಬಂಧ ಗಟ್ಟಿ. ಬೀಗರನ್ನು ಪ್ಲಾಟ್‌ಫಾರಮ್ಮಿನಲ್ಲೇ ಮಿಠಾಯಿ ಎರಚಿ ಎದುರುಗೊಳ್ಳದಿದ್ದರೆ ಅದಕ್ಕಿಂತ ದೊಡ್ಡ ಅವಮಾನ ಆ ಸೀಮೆಯಲ್ಲೇ ಇಲ್ಲ. ಸಾಹೇಬರು ಹೊಸ ಟೋಪಿ ಇಟ್ಟು, ಹೆಂಡತಿ ಶಾರ್ಬಾನ್ ಕೈಗೆ ಮಿಠಾಯಿ ಬಟ್ಟಲು ಕೊಟ್ಟು, ನೆಂಟರನ್ನೆಲ್ಲ ಕಟ್ಟಿಕೊಂಡು ಒಂದನೇ ಪ್ಲಾಟ್‌ಫಾರಮ್ಮಿನಲ್ಲಿ ನಿಂತರು. ಎಕ್ಸ್‌ಪ್ರೆಸ್ ಬಂತು, ಹೋಯಿತು. ಬೀಗರು ಇಳಿಯಲಿಲ್ಲ. ಅವರ ಫೋನೂ ಸಿಗಲಿಲ್ಲ.

"ಮನಸ್ಸು ಬದಲಾಯಿಸಿಬಿಟ್ರೇನೋ," ಎಂದಳು ಶಾರ್ಬಾನ್.

ಅಷ್ಟರಲ್ಲಿ ಸ್ಟೇಷನ್ನಿನ ಆಚೆ ತುದಿಯ ಪ್ಲಾಟ್‌ಫಾರಮ್ಮಿನಿಂದ ಸಿಳ್ಳೆ ಕೇಳಿಸಿತು.

"ರೀ, ಯಾವುದೋ ಗಾಡಿ ಬಂತು."

ಸಾಹೇಬರು ಬೋರ್ಡು ನೋಡಿದರು. "ಯಾವ ಗಾಡಿಯೂ ಬಂದಿಲ್ಲ. ಗೂಡ್ಸ್ ಇರಬೇಕು."

ಕಿವಿ ಕೊಟ್ಟ ದೇವರಿಗಿಂತ ಬೋರ್ಡು ಮಾರಿದವನ ಮೇಲೆ ಅವರಿಗೆ ನಂಬಿಕೆ ಹೆಚ್ಚು. ನೆಂಟರೆದುರು ಮುಖವಿಲ್ಲದೆ ಕಚೇರಿ ಸೇರಿ, ಮಾತಿಗೆ ತಪ್ಪಿದ ಬೀಗರನ್ನು ಬಾಯಿಗೆ ಬಂದಂತೆ ಬೈಯುತ್ತಾ ಕೂತರು. ಬೈಗುಳದ ನಡುವೆ ಮಗಳ ಮುಖ ನೆನಪಾಗಿ ಕಣ್ಣು ಒದ್ದೆಯಾಯಿತು. ಬಾಗಿಲಲ್ಲಿ ಬಾತಿಮಾ ನಿಂತಿದ್ದಳು.

"ಸಾಹೇಬ್ರೇ, ನಿಮ್ಮ ಬೀಗರು ಲಗೇಜ್ ಕೋಣೇಲಿ ಕೂತಿದ್ದಾರೆ. ಆಗಲೇ ಚಹಾ ಕೊಟ್ಟೆ."

ಸಾಹೇಬರು ಓಡಿದರು. ಸೂಟ್‌ಕೇಸುಗಳ ನಡುವೆ ಬೀಗಿತ್ತಿ ಉಮ್ಸಿನ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಬೀಗರು ಒತೆಗೆನ್ ಗೋಡೆ ನೋಡುತ್ತಿದ್ದರು.

"ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಸಿಗಲಿಲ್ಲ, ಒಂಟೆಗಾಡಿ ಹತ್ತಿದ್ವಿ," ಎಂದಳು ಉಮ್ಸಿನ್. "ದಾರೀಲಿ ಫೋನ್ ಸತ್ತೋಯ್ತು. ಇಳಿದ್ರೆ ಒಂದು ನರಪಿಳ್ಳೆ ಇಲ್ಲ. ಗೇಟಲ್ಲಿ ನಿಮ್ಮ ಪೊಲೀಸಪ್ಪನ್ನ ಕೇಳಿದೆ. ಬೋರ್ಡು ನೋಡಿ ಹೇಳಿದ, ನೀವಿನ್ನೂ ಬಂದಿಲ್ಲಮ್ಮ ಅಂತ."

"ಏನೋ ತಾಂತ್ರಿಕ..." ಎಂದು ಸಾಹೇಬರು ಶುರುಮಾಡಿದರು.

"ಬಾತಿಮಕ್ಕನ ಬಾಯಿ ಬಿಡಿಸಿದ್ದೀನಿ ಬೀಗರೇ. ಹೊಸಬರಿಗೆ ಜಾಗ ಸಾಲಲಿಲ್ಲ ಅಂತ ಹಳಬರನ್ನ ಅಳಿಸಿದ್ರಂತೆ. ನಮ್ಮ ಮನೇನೂ ಚಿಕ್ಕದೇ. ನಿಮ್ಮ ಮಗಳು ಬಂದ್ಲು ಅಂತ ನಾವು ಯಾರನ್ನ ಅಳಿಸೋಣ? ಅತ್ತೇನಾ, ಮಾವನ್ನಾ?"

ಸಾಹೇಬರು ಹೊಸ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ತಪ್ಪು ಮಾಡಿದ ಬೀಗರು ದಂಡ ಕಟ್ಟಬೇಕು, ಅದು ಪದ್ಧತಿ. ಕುದುರೆ ಕೇಳಿದರೆ ಕುದುರೆ, ಕೋಟು ಕೇಳಿದರೆ ಕೋಟು.

"ಏನ್ ಕೇಳ್ತೀರೋ ಕೊಡ್ತೀನಿ," ಎಂದರು.

"ಏನೂ ಬೇಡ. ನಾವು ಬಂದ್ವಿ ಅಂತ ಊರಿಗೆಲ್ಲ ಕೇಳೋ ಹಾಗೆ ಹೇಳಿ. ನಿಮ್ಮ ಬಾಯಿಂದಲೇ. ಅಲ್ಲೀವರೆಗೂ ಓಲೆ ಚೀಲದಲ್ಲೇ ಇರುತ್ತೆ."

ಮೈಕಿನ ಕೋಣೆಯ ಬೀಗ ತುಕ್ಕು ಹಿಡಿದಿತ್ತು, ಸುತ್ತಿಗೆಯಿಂದ ಒಡೆಯಬೇಕಾಯಿತು. ಬಾತಿಮಾ ಧೂಳು ಊದಿ ಮೈಕನ್ನು ಸಾಹೇಬರ ಮುಂದಿಟ್ಟಳು. ಬೆಳಿಗ್ಗೆ ತಾವೇ ಅಳಿಸಿದ್ದರಿಂದ ಗಾಡಿಯ ನಂಬರು ಅವರಿಗೆ ಚೆನ್ನಾಗಿ ನೆನಪಿತ್ತು. ಅದನ್ನು ಹೇಳಿದರು, ಅದು ಆಗಲೇ ಬಂದಿದೆ ಎಂದರು, ಅದರಲ್ಲಿ ತಮ್ಮ ಬೀಗರು ಬಂದಿದ್ದಾರೆ ಎಂದರು. ಕೊನೆಗೆ, ಯಾರೂ ಕೇಳದಿದ್ದರೂ, "ನಂದೇ ತಪ್ಪು" ಎಂದರು. ಕೆಮ್ಮೂ ಬಂತು.

ಹೊರಗೆ ಗದ್ದಲ ಶುರುವಾಯಿತು. ಬೋರ್ಡನ್ನೇ ದಿಟ್ಟಿಸುತ್ತಾ ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತಿದ್ದ ಎಷ್ಟೋ ಜನ ತಮ್ಮವರನ್ನು ಹುಡುಕಿಕೊಂಡು ಆಚೆ ತುದಿಗೆ ಓಡುತ್ತಿದ್ದರು. ಸಾಹೇಬರು ಕಿಟಕಿಯಿಂದ ಅವರನ್ನು ನೋಡಿದರು. ಯಾರ ಕೈಯಲ್ಲೂ ಒಣಮೀನಿರಲಿಲ್ಲ. ಕೆಲವರ ಕೈಯಲ್ಲಿ ಮಿಠಾಯಿ ಬಟ್ಟಲಿತ್ತು.

ಮೈಕಿನ ಕೋಣೆಯಲ್ಲೇ ಕೂತು ಕೇಳುತ್ತಿದ್ದ ಉಮ್ಸಿನ್ ಎದ್ದು ಚೀಲ ಹೆಗಲಿಗೇರಿಸಿದಳು.

"ಈಗ ಬಂದ್ವಿ ಬೀಗರೇ," ಎಂದಳು. "ನಡೀರಿ, ಮಗು ಕಾಯ್ತಿರುತ್ತೆ."

ಬಾತಿಮಾ ಅವರ ಜೊತೆ ಹೊರಡಲಿಲ್ಲ, ಕುರ್ಚಿಯನ್ನು ಮೈಕಿನ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಸಾಹೇಬರು ಎದ್ದು ಹೋಗು ಎನ್ನಲಿಲ್ಲ.