ಚೊಕ್ಕ ತೋಟ

ನಮ್ಮೂರಲ್ಲಿ ಆಲಿವ್ ತೋಟ ಎರಡೇ ಬಗೆ: ಚೊಕ್ಕದ್ದು, ಕೊಳಕಾದದ್ದು. ಮರಗಳ ನಡುವೆ ಒಂದೆಳೆ ಹುಲ್ಲಿಲ್ಲದೆ ನೆಲ ಬೋಳಾಗಿದ್ದರೆ ಚೊಕ್ಕ. ಹುಲ್ಲು ಕಂಡರೆ ಕೊಳಕು, ಒಡೆಯ ಸೋಮಾರಿ. ಹಾಯೆನ್ ಸೀಮೆಯ ಗುಡ್ಡಗಳಲ್ಲಿ ತಲೆಮಾರುಗಳಿಂದ ಇದೇ ಮಾತು.

ತೀಸ್ಕರ್ ಮೂರು ವರ್ಷದಿಂದ ಸೋಮಾರಿ ಎನಿಸಿಕೊಂಡಿದ್ದಳು. ಅವಳ ಇಳಿಜಾರು ತೋಟದ ಮೇಲ್ಭಾಗದಲ್ಲಿ ಬಂಡೆಯ ಮೇಲೆ ಉಳಿದಿರುವ ಮಣ್ಣು ಮೊಳದಷ್ಟೂ ಆಳವಿಲ್ಲ. ಅಜ್ಜನ ಕಾಲದಲ್ಲಿ ಸೊಂಟದಾಳ ಇತ್ತಂತೆ. ಇನ್ನು ಕೆಲವು ಜೋರು ಮಳೆ ಕೊಚ್ಚಿದರೆ ಅಲ್ಲಿನ ಹಳೆಯ ಮರಗಳಿಗೆ ಬೇರೂರಲು ಏನೂ ಇರುವುದಿಲ್ಲ. ಅದಕ್ಕೇ ಹುಲ್ಲು ಬೆಳೆಯಬಿಟ್ಟಿದ್ದಳು. ಮಾರ್ಚ್‌ನಲ್ಲಿ ಕತ್ತರಿಸುತ್ತಿದ್ದಳು, ಬೇರು ಕೀಳುತ್ತಿರಲಿಲ್ಲ. ಮಳೆನೀರು ಕೊರೆದಿದ್ದ ಕೊರಕಲುಗಳು ನಿಧಾನವಾಗಿ ಮುಚ್ಚಿಕೊಳ್ಳತೊಡಗಿದ್ದವು.

ಅಕ್ಟೋಬರಿನ ಒಂದು ಶನಿವಾರ ಎಣ್ಣೆ ಗಾಣದ ಸಂಘದ ಸಭೆ ಮುಗಿಸಿ ಬರುವಾಗ ಅವಳಿಗೆ ರಸ್ತೆಯ ತಿರುವಿನಿಂದಲೇ ಕಂಡಿತು. ಅವಳ ತೋಟದ ಗುಡ್ಡವನ್ನು ಮೇಲಿಂದ ಕೆಳಗಿನವರೆಗೆ ಬಾಚಣಿಗೆ ಎಳೆದಂತೆ ಉತ್ತಾಗಿತ್ತು. ಚಿಕ್ಕಪ್ಪ ಮೆಲಿತೋನ್ ಟ್ರ್ಯಾಕ್ಟರಿನ ಪಕ್ಕ ಕೈ ಒರೆಸಿಕೊಳ್ಳುತ್ತ ಹೊಗಳಿಕೆಗೆ ಕಾಯುತ್ತಿದ್ದ.

"ಏನಿದು, ಚಿಕ್ಕಪ್ಪ?"

"ನಿಂಗೆ ಹೇಳ್ದೆ ಮಾಡಿಟ್ಟೆ. ಆ ಕುಸ್ತೋದಿಯೊ ದಿನಾ ಬಾರಲ್ಲಿ ಕೇಳ್ತಾನೆ, ನಿಮ್ಮ ಹುಡುಗಿ ಆಲಿವ್ ಬೆಳೀತಾಳೋ, ಕುರಿಗೆ ಹಾಸಿಗೆ ಹಾಸ್ತಾಳೋ ಅಂತ. ಎಷ್ಟು ದಿನ ಕೇಳಿಸ್ಕೊಂಡು ಕೂತಿರ್ಲಿ?"

"ಉಳೋದು ಬೇಡ ಅಂದಿದ್ನಲ್ಲ."

"ಅಂದಿದ್ದೆ. ನಂಗ್ಯಾಕೆ ತೊಂದ್ರೆ ಅಂತ ದಾಕ್ಷಿಣ್ಯಕ್ಕೆ ಅಂತಿದ್ದೀಯ ಅಂದ್ಕೊಂಡೆ."

"ಅದೂ ಮೇಲಿಂದ ಕೆಳಕ್ಕೆ ಉತ್ತಿದ್ದೀರಿ. ಒಂದೊಂದು ಸಾಲೂ ಒಂದೊಂದು ಕಾಲುವೆ."

"ಅಡ್ಡ ಉತ್ರೆ ಟ್ರ್ಯಾಕ್ಟರ್ ಮಗುಚುತ್ತೆ ಕಣಮ್ಮ. ನಿಂಗೆ ಮಣ್ಣು ಮುಖ್ಯನೋ ಚಿಕ್ಕಪ್ಪ ಮುಖ್ಯನೋ?"

ತೀಸ್ಕರ್ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ನೋಡಿದಳು. ಅವನ ಮುಖ ಸಣ್ಣಗಾಯಿತು.

ಮರುದಿನ ಮಧ್ಯಾಹ್ನದಿಂದ ಜೋರು ಮಳೆ ಎಂದು ಹವಾಮಾನ ವರದಿ ಹೇಳಿತ್ತು. ಸಂಜೆಯವರೆಗೆ ಇಬ್ಬರೂ ಒಣಹುಲ್ಲಿನ ಪೆಂಡಿಗಳನ್ನು ಸಾಗಿಸಿ, ಬಿಚ್ಚಿ, ಇಳಿಜಾರಿಗೆ ಅಡ್ಡಲಾಗಿ ಪಟ್ಟಿಪಟ್ಟಿಯಾಗಿ ಹಾಸಿದರು. ನೀರಿನ ಓಟ ಸ್ವಲ್ಪವಾದರೂ ತಗ್ಗೀತು ಎಂಬುದು ಅವಳ ಆಸೆ. ಚಿಕ್ಕಪ್ಪ ಗೊಣಗುತ್ತಲೇ ಹಾಸಿದ.

ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಹುಲ್ಲೆಲ್ಲ ಮರಗಳ ಬುಡದಲ್ಲಿ ಅಂದವಾದ ಗುಪ್ಪೆಗಳಾಗಿತ್ತು. ಚಿಕ್ಕಪ್ಪ ಕವೆಗೋಲಿಗೆ ಒರಗಿ ನಿಂತಿದ್ದ.

"ಇವತ್ತು ಜನ ಚರ್ಚಿಗೆ ಹೋಗೋದು ಇದೇ ದಾರೀಲಿ. ಕೊಟ್ಟಿಗೆ ಥರ ಕಾಣ್ತಿತ್ತು. ಅವರು ವಾಪಸ್ ಹೋದ್ಮೇಲೆ ಮತ್ತೆ ಹರಡಿದ್ರಾಯ್ತು."

"ಮಳೆಗೂ ಹೇಳಿದ್ದೀರಾ, ಪೂಜೆ ಮುಗಿಯೋ ತನಕ ಕಾಯಿ ಅಂತ?"

ಮಳೆ ಕಾಯಲಿಲ್ಲ; ಮಧ್ಯಾಹ್ನಕ್ಕೂ ಮೊದಲೇ, ಹುಲ್ಲು ಮತ್ತೆ ಹರಡುವ ಮುಂಚೆಯೇ ಬಂತು. ದಪ್ಪ ಹನಿಗಳು ಹೊಡೆದ ಕಾಲು ಗಂಟೆಯಲ್ಲಿ ಉತ್ತ ನೆಲದ ಮೇಲ್ಪದರ ಸಾರಿಸಿದಂತೆ ಮುಚ್ಚಿಕೊಂಡಿತು. ನೀರು ಇಂಗುವುದು ನಿಂತಿತು. ಆಮೇಲೆ ಎಲ್ಲ ಸಾಲುಗಳೂ ಕೆಂಪಗೆ ಹರಿದವು. ತೀಸ್ಕರ್ ಸನಿಕೆಯಿಂದ ಒಂದು ಸಾಲಿಗೆ ಅಡ್ಡಗಟ್ಟಿದರೆ ನೀರು ಪಕ್ಕದ ಸಾಲಿಗೆ ನುಗ್ಗಿತು. ಹುಲ್ಲಿನ ಗುಪ್ಪೆಗಳು ತೇಲಿಹೋದವು. ಹಳೆಯ ಕೊರಕಲು ಮತ್ತೆ ಬಾಯಿಬಿಟ್ಟಿತು.

ಸೋಮವಾರ ರಸ್ತೆಯ ಮೇಲೆ ಮೊಣಕಾಲುಮಟ್ಟ ಕೆಸರು. ಅದನ್ನು ಎತ್ತಿಹಾಕುತ್ತಿದ್ದವರಲ್ಲಿ ಕುಸ್ತೋದಿಯೊ ಕೂಡ ಇದ್ದ.

"ಮೆಲಿತೋನ್, ನಿಮ್ಮ ತೋಟ ಇಲ್ಲಿ ಮಲಗಿದೆ ನೋಡು. ಎಬ್ಬಿಸ್ಕೊಂಡು ಹೋಗ್ತೀಯಾ?"

"ಮಳೆ ಹಿಂಗೆ ಬಂದ್ರೆ ಯಾರೇನ್ ಮಾಡೋಕಾಗುತ್ತೆ," ಎಂದ ಚಿಕ್ಕಪ್ಪ.

"ಪಕ್ಕದ ಹುಲ್ಲುಗಾವಲಿಗೂ ಅದೇ ಮಳೆ ಬಂತಲ್ಲ," ಎಂದಳು ತೀಸ್ಕರ್. "ಅಲ್ಲಿಂದ ಒಂದು ಬೊಗಸೆ ಮಣ್ಣಾದ್ರೂ ಇಳೀತಾ?"

ಚಿಕ್ಕಪ್ಪ ಆ ಕಡೆ ನೋಡಿದ. ಗುದ್ದಲಿ ಎತ್ತಿಕೊಂಡು ಕೆಸರು ಎಳೆಯತೊಡಗಿದ.

ಮೇಲ್ಭಾಗದಲ್ಲಿ ಎರಡು ಮರಗಳ ಬೇರು ಹೊರಬಿದ್ದಿತ್ತು. ಅಡಿಯಲ್ಲಿ ಬರೀ ಬಿಳಿ ಬಂಡೆ. ಉಳಿದ ಮರಗಳಡಿ ಮಣ್ಣು ಇನ್ನೂ ಇತ್ತು, ಗೇಣಿಗಿಂತ ತುಸು ಹೆಚ್ಚು. ನೆಲ ಕಾಲಿಡುವಷ್ಟು ಆರಿದ ಕೂಡಲೇ ಅವಳು ಮಣ್ಣು ಹಿಡಿದಿಡಲೆಂದು ಬಾರ್ಲಿ ಬೀಜ ತಂದಳು. ಚಿಕ್ಕಪ್ಪ ಕರೆಯದೆಯೇ ಬಂದ. ಹಗ್ಗ, ಗೂಟ ತಂದಿದ್ದ. ಇಳಿಜಾರಿಗೆ ಅಡ್ಡವಾಗಿ ಹಗ್ಗ ಬಿಗಿದು, ಅದರ ಗುಂಟ ಕೈಯಿಂದಲೇ ಬಿತ್ತುತ್ತ ಹೋದ.

"ಇದು ಬೆಳೆದ್ಮೇಲೆ ಯಾವಾಗ ಕೀಳೋದು?"

"ಕೀಳಲ್ಲ. ಮಾರ್ಚ್‌ನಲ್ಲಿ ಕತ್ತರಿಸೋದು, ಅಷ್ಟೇ."

"ಅಲ್ಲಿ ತನಕ ಹಿಂಗೇ?"

"ಹಿಂಗೇ."

ಅವನು ಗೂಟ ಕಿತ್ತು ಮುಂದಿನ ಸಾಲಿಗೆ ಹೂಡಿದ. "ಹಂಗಾದ್ರೆ ಮಾರ್ಚ್ ತನಕ ನಾನು ಯಾವ ಬೀದೀಲಿ ತಲೆ ಎತ್ಕೊಂಡು ಹೋಗ್ಲಿ?"

"ಯಾವ ಬೀದೀಲಾದ್ರೂ ಹೋಗಿ, ನಡ್ಕೊಂಡು ಹೋಗಿ," ಎಂದಳು ತೀಸ್ಕರ್. "ಟ್ರ್ಯಾಕ್ಟರ್ ಕೀಲಿ ನನ್ನ ಹತ್ರ ಇದೆ."