ಎದುರಿನ ಅರ್ಧ ರಸ್ತೆ

ಮತ್ತೆ ನಿಧಾನ, ಪರದೆಯ ಎಡಮೂಲೆಯಲ್ಲಿ ಡಂಪರ್ ತಿರುವಿನ ಹತ್ತಿರ ವೇಗ ತಗ್ಗಿಸಿತು, ಹಿಂದೆ ಬಿಟ್ಟ ಧೂಳು ಬಂದು ಅದರ ಮೈಮೇಲೇ ಬಿತ್ತು, ಒಳಗೆ ಯಾರೂ ಇಲ್ಲ, ತಾನೇ ಓಡುವ ಗಾಡಿ, ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ, ಆದರೂ ಯಾರನ್ನೋ ಕಂಡಂತೆ ನಿಧಾನ, ಆಮೇಲೆ ಗಣಿಯ ತಳಕ್ಕೆ ಇಳಿಯಿತು. ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕೂತವಳ ಬಲಗಾಲು ನೆಲವನ್ನು ಒತ್ತಿತ್ತು, ನಾಚಿಕೆಯಾಗಿ ಹಿಂದಕ್ಕೆಳೆದುಕೊಂಡಳು, ಇಷ್ಟು ವರ್ಷ ಡಂಪರ್ ಓಡಿಸಿದ ಕಾಲು, ಅದಕ್ಕೆ ಬುದ್ಧಿ ಹೇಳುವವರು ಯಾರು — ಎಸಿ ತಣ್ಣಗಿದೆ, ಸೊಂಟ ನೋಯುವುದಿಲ್ಲ, ಎಂಟು ಗಾಡಿಗಳನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ, ಹಿಂದೆ ಎಂಟಕ್ಕೆ ಎಂಟು ಜನ, ಅವರ ಊಟದ ಡಬ್ಬಿ, ಅವರ ಜಗಳ, ಗೋಡೆಯ ಮೇಲೆ ತಲಾ ಉತ್ಪಾದನೆಯ ಗ್ರಾಫು ಏಣಿ ಹಾಕಿಕೊಂಡು ಹತ್ತುತ್ತಿದೆ, ತಲೆ ಕಡಿಮೆಯಾದರೆ ತಲಾ ಹೆಚ್ಚದೆ ಏನು ಮಾಡೀತು. ಅಕ್ಕಾ, ಇಲ್ಲೇನಿದೆ, ಪಕ್ಕದಲ್ಲಿ ಕೂತ ಎಂಜಿನಿಯರ್ ಹುಡುಗಿ ತಿರುವಿನ ಮೇಲೆ ಬೆರಳಿಟ್ಟಿದ್ದಾಳೆ, ಗುಂಡಿಯಿಲ್ಲ, ಕಲ್ಲಿಲ್ಲ, ಎಲ್ಲಾ ಗಾಡಿನೂ ಇಲ್ಲೇ ಸ್ಲೋ ಆಗ್ತಾವೆ, ಸುಮ್ನೆ ಟೈಮ್ ವೇಸ್ಟು, ನಿಮ್ಮ ಡ್ರೈವಿಂಗ್ ನೋಡೇ ತಾನೆ ಇವು ಕಲ್ತಿದ್ದು, ಕಾರಣ ಇದ್ರೆ ಹೇಳಿ, ಇಲ್ಲಾಂದ್ರೆ ಇವತ್ತೇ ಪ್ರೋಗ್ರಾಮಿಂದ ತೆಗೆದುಬಿಡ್ತೀನಿ.

ಕಾರಣ. ಹೋದ ವರ್ಷ ಅವಳ ಡಂಪರಿನ ಕ್ಯಾಬಿನ್ನಿನಲ್ಲಿ ಕ್ಯಾಮೆರಾ ಕಟ್ಟಿದ್ದರು, ನಿಮ್ಮ ಕೈ ಬಹಳ ನಯ ಅಂತ ಉಬ್ಬಿಸಿದ್ದರು, ಈಗ ಗಾಡಿಗಳು ಗಿಳಿಪಾಠ ಒಪ್ಪಿಸುತ್ತಿವೆ, ಅವಳಿಗೇ ಗೊತ್ತಿಲ್ಲದೆ ಅವಳು ಕಲಿಸಿದ ಪಾಠ — ಆಗಲೂ ಅಲ್ಲಿ ನಿಧಾನ ಮಾಡುತ್ತಿದ್ದೆ ಅನ್ನುವುದು ಈ ಹುಡುಗಿ ತೋರಿಸಿದ ಮೇಲೇ ತಿಳಿದದ್ದು. ಅದಕ್ಕೂ ಹಿಂದೆ ಗಂಡನದು ಇನ್ನೊಂದು ಪಾಳಿ, ಅವನ ಕೊನೆಯ ಟ್ರಿಪ್ ಮೇಲಕ್ಕೆ, ಅವಳ ಮೊದಲ ಟ್ರಿಪ್ ಕೆಳಕ್ಕೆ, ಆ ತಿರುವಿನಲ್ಲಿ ಇಬ್ಬರೂ ಗಾಜು ಇಳಿಸಿ ನಿಧಾನ, ಅವನು ಕಿಟಕಿಯಾಚೆ ಕೈ ಚಾಚಿ ತನ್ನ ಗಾಡಿಯ ಬಾಗಿಲು ಬಡಿಯುತ್ತಿದ್ದ, ಕೀಲಿ ಎಲ್ಲೇ, ಚಪ್ಪಲಿ ಗೂಡಲ್ಲಿ ಕಣ್ರೀ, ಹಾಲು ಕಾಯ್ಸಿಟ್ಟಿದೀನಿ, ಬೆಕ್ಕನ್ನ ಒಳಗೆ ಬಿಡ್ಬೇಡಿ, ನಿನಗಿಂತ ಅದೇ ವಾಸಿ, ಮನೇಲಾದ್ರೂ ಇರತ್ತೆ — ಅಷ್ಟರಲ್ಲಿ ಹಿಂದಿನ ಗಾಡಿಯವನ ಹಾರನ್ನು, ಸಂಸಾರ ಮನೇಲಿ ಮಾಡ್ರಪ್ಪಾ. ಮನೆಯಲ್ಲಿ ಮಾಡಿದ್ದೆಲ್ಲಿ, ಮಾಡಿದ್ದೆಲ್ಲ ಆ ತಿರುವಿನಲ್ಲೇ. ಗಣಿ ಅವನನ್ನು ಮುಟ್ಟಲಿಲ್ಲ, ಜ್ವರ ಬಂತು, ಆಸ್ಪತ್ರೆಯ ಮಂಚದ ಮೇಲೆ ಹೋದ, ಮಂಚದಾಚೆಗೂ ಕೈ ಹಾಗೇ ಚಾಚಿತ್ತು. ಆಮೇಲೆ ಬೇರೆ ಯಾರ್ಯಾರೋ ಎದುರಾದರು, ಆದರೂ ಪ್ರತಿ ಟ್ರಿಪ್ಪಿನಲ್ಲೂ ಅಲ್ಲಿ ನಿಧಾನ ಮಾಡಿದಳು, ಅಷ್ಟು ಆಸೆ ಇತ್ತು ಅವಳಿಗೆ.

ಅಲ್ಲಿ ನೀರು ಒಸರುತ್ತೆ, ಮಣ್ಣು ಸಡಿಲ ಅಂದರೆ ಸಾಕು, ಹುಡುಗಿ ನಂಬುತ್ತಾಳೆ, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ, ಬಾಯಿ ತೆರೆದಳು, ಆದರೆ ಅವನ ಹೆಸರಲ್ಲಿ ಸುಳ್ಳು ಬರಲಿಲ್ಲ, ಎದುರಿಂದ ಒಂದು ಗಾಡಿ ಬರ್ತಿತ್ತಮ್ಮ ಅಂದಳು, ಈಗ ಬರಲ್ವಾ, ಬರಲ್ಲ, ಹಾಗಾದ್ರೆ ತೆಗೀಲಾ ಅಕ್ಕಾ — ಹೂಂ, ಇದೊಂದು ಟ್ರಿಪ್ ಆಗ್ಲಿ, ಆಮೇಲೆ ತೆಗಿ. ಹುಡುಗಿ ಅವಳ ಮುಖ ನೋಡಿದಳು, ಕೀಲಿಮಣೆಯಿಂದ ಕೈ ತೆಗೆದಳು. ಬರುತ್ತಿದೆ, ಧೂಳಿನ ಮುಂದೆ ಹಳದಿ ಮೂತಿ, ಖಾಲಿ ಸೀಟು, ಬಲಗಾಲು ನೆಲ ಒತ್ತಿತು, ಒತ್ತಲಿ ಬಿಡು, ತಿರುವು, ನಿಧಾನ, ಎದುರಿನ ಅರ್ಧ ರಸ್ತೆ ಬಿಸಿಲಲ್ಲಿ ಬರಿದೋ ಬರಿದು, ನಿಧಾನ, ಕಿಟಕಿಯಾಚೆ ಚಾಚಿದ ಅವನ ಕೈ, ನಿಧಾನ, ಆ ಕೈ —