ಹಿತ್ತಿಲ ಕಲ್ಲು

ಎರಡನೆಯ ತಂಬಿಗೆ ನೀರು ಹೊಯ್ಯುವಷ್ಟರಲ್ಲಿ ಕೆಂಚವ್ವ ಸತ್ತ ಗಂಡನ ಬಲಗೈ ಎತ್ತಿ ಮೂಗಿಗೆ ಹಿಡಿದಳು. ಅಂಗೈ ಮೂಸಿದಳು, ಬೆರಳ ಸಂದು ಮೂಸಿದಳು, ಕೈ ಮಗುಚಿ ಉಗುರುಗಳನ್ನೂ ಮೂಸಿದಳು. ನೀರು ಹಾಕುತ್ತಿದ್ದ ಮಗಳು ಶೈಲಜಾ ತಂಬಿಗೆಯನ್ನು ಅರ್ಧಕ್ಕೇ ನಿಲ್ಲಿಸಿದಳು.

"ಯವ್ವಾ, ಏನ ಮಾಡಾಕತ್ತಿ? ಮಂದಿ ನೋಡಾಕತ್ತಾರ."

ಮಂದಿ ನೋಡುತ್ತಲೇ ಇದ್ದರು. ಉಗರಗೋಳದ ಅರ್ಧ ಓಣಿ ಆ ಅಂಗಳದಲ್ಲಿತ್ತು. ಮರೆಗೆಂದು ಸೀರೆ ಅಡ್ಡ ಹಿಡಿದ ಹೆಂಗಸರೇ ಎಲ್ಲರಿಗಿಂತ ಮೊದಲು ಇಣುಕುತ್ತಿದ್ದರು. ಚಚಡಿಯಿಂದ ಬಂದಿದ್ದ ಕೆಂಚವ್ವನ ಅಣ್ಣ ನಿಜಗುಣಪ್ಪ ಕಟ್ಟೆಯ ಮೇಲೆ ಕುಳಿತು ಅಪ್ಪಣೆ ಕೊಡುತ್ತಿದ್ದ. ತಂಗಿಯ ಮನೆಯ ಯಾವ ಕಾರ್ಯವೂ ತನ್ನ ಬಾಯಿಲ್ಲದೆ ಸಾಗದು ಎಂದು ನಂಬಿದ ಮನುಷ್ಯ.

"ಛಲೋತ್ನಾಗಿ ತಿಕ್ಕ್ರಿ. ಅಯ್ಯನವರು ತಲಿಮ್ಯಾಲ ಪಾದಾ ಇಡಾವ್ರದಾರ. ಮೀನಿನ ನಾತ ಒಂಚೂರೂ ಉಳೀಬಾರ್ದು."

"ಇಲ್ಲಣ್ಣಾ," ಎಂದಳು ಕೆಂಚವ್ವ. "ಏನೂ ಉಳದಿಲ್ಲ."

ನಿಜವಾಗಿಯೂ ಉಳಿದಿರಲಿಲ್ಲ. ಹನ್ನೆರಡು ದಿನ ಧಾರವಾಡದ ಆಸ್ಪತ್ರೆಯಲ್ಲಿ ಮಲಗಿದ ಕೈಗೆ ಸ್ಪಿರಿಟ್ಟಿನ ವಾಸನೆ ಇತ್ತು, ಪಟ್ಟಿ ಹಚ್ಚಿ ಕಿತ್ತ ಅಂಟಿನ ವಾಸನೆ ಇತ್ತು. ಮೂವತ್ತೊಂದು ವರ್ಷ ದಿನಾ ಸಂಜೆ ಮೂಸಿ ನೋಡಿದ ಕೈ ಇದೇ ಹೌದೋ ಅಲ್ಲವೋ ಎನ್ನುವ ಹಾಗಾಯಿತು ಆಕೆಗೆ. ಆಗ ಅಳು ಒತ್ತರಿಸಿ ಬಂತು. ಗಂಡ ಸತ್ತ ಹೆಂಗಸು ಅತ್ತರೆ ಯಾಕೆಂದು ಯಾರು ಕೇಳುತ್ತಾರೆ? ಯಾರೂ ಕೇಳಲಿಲ್ಲ.

*

ಗಂಡ ಮಡಿವಾಳೆಪ್ಪನಿಗೆ ಸರಕಾರಿ ನೌಕರಿ ಸಿಕ್ಕಿತೆಂದು ಕೇಳಿ ಕೆಂಚವ್ವನ ತವರಿನವರು ಓಣಿಗೆಲ್ಲ ಸಕ್ಕರೆ ಹಂಚಿದ್ದರು. ಎಂಥ ನೌಕರಿ ಎಂದು ಗೊತ್ತಾದ ಮೇಲೆ ಹಂಚಿದ ಸಕ್ಕರೆಯನ್ನು ವಾಪಸು ಕೇಳುವಂತಿರಲಿಲ್ಲ. ಆಣೆಕಟ್ಟೆಯ ಕೆಳಗೆ ಮೀನುಮರಿ ಕೇಂದ್ರ. ತೊಟ್ಟಿಗಳಲ್ಲಿ ಮರಿ ಬೆಳೆಸಿ ಮಲಪ್ರಭೆಯ ಹಿನ್ನೀರಿಗೆ ಬಿಡುವ ಕೆಲಸ. ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಹುಟ್ಟಿದಾಗಿನಿಂದ ತತ್ತಿಯನ್ನೂ ಮುಟ್ಟದ ಮನುಷ್ಯ ದಿನವಿಡೀ ಮೊಳಕಾಲುಮಟ ನೀರಿನಲ್ಲಿ ನಿಂತು ಮೀನಿಗೆ ಶೇಂಗಾಹಿಂಡಿ, ತೌಡು ಕಲಸಿ ಹಾಕಬೇಕು.

ನಿಜಗುಣಪ್ಪ ಅಂದಿನಿಂದ ತಂಗಿಯ ಮನೆಗೆ ಬಂದಾಗಲೆಲ್ಲ ನೀರು ಕುಡಿಯುವ ಮೊದಲು ತಂಬಿಗೆ ಮೂಸುತ್ತಿದ್ದ. ಕೆಂಚವ್ವ ಕೆಟ್ಟ ಹೆಂಗಸೇನಲ್ಲ. ಅಣ್ಣನ ಮೂಗಿಗೆ ಹೆದರಿ ಆಕೆ ಗಂಡನ ಕೈ ಮೂಸಲು ಕಲಿತಳು.

ಹೀಗೆ ಹಿತ್ತಿಲ ಕಲ್ಲಿನ ಕಟ್ಟಳೆ ಹುಟ್ಟಿತು. ಕೆಲಸದಿಂದ ಬಂದವನು ಮುಂಬಾಗಿಲಿಗೆ ಬರಕೂಡದು. ಸುತ್ತಿ ಬಳಸಿ ಹಿತ್ತಿಲಿಗೆ ಹೋಗಿ, ಖಾಕಿ ಅಂಗಿಯನ್ನೂ ಚೀಲವನ್ನೂ ಬೇವಿನ ಮರಕ್ಕೆ ಹೊಡೆದ ಮೊಳೆಗೆ ಸಿಕ್ಕಿಸಿ, ಕೆಳಗಿನ ಚಪ್ಪಡಿಕಲ್ಲಿನ ಮೇಲೆ ಕುಳಿತು ತಣ್ಣೀರು ಸುರಿದುಕೊಳ್ಳಬೇಕು. ಆಮೇಲೆ ಹಿತ್ತಿಲ ಬಾಗಿಲಿಗೆ ಬಂದು ಎರಡೂ ಕೈ ಮುಂದೆ ಚಾಚಿ, "ಕೆಂಚೀ, ಒಳಗ ಬರ್ಲೇನ?" ಎಂದು ಕೇಳಬೇಕು. ಆಕೆ ಮೂಸಿ ನೋಡಿ "ಬರ್ರಿ" ಎಂದರೆ ಸರಿ. ಇಲ್ಲವಾದರೆ "ಇನ್ನೊಂದ ಕೊಡ ಹಾಕ್ಕೋರಿ."

ಆತ ಮತ್ತೆ ಕಲ್ಲಿಗೆ ಹೋಗಿ ಇನ್ನೊಂದು ಕೊಡ ಹಾಕಿಕೊಳ್ಳುತ್ತಿದ್ದ. ಶೈಲಜಾ ಹುಟ್ಟಿದ ದಿನ ಕೇಂದ್ರದಿಂದ ಓಡಿಬಂದವನು ಮೂರು ಕೊಡ ನೀರು ಸುರಿದುಕೊಂಡ ಮೇಲೆಯೇ ಮಗಳ ಮುಖ ನೋಡಿದ್ದ.

*

ಅಯ್ಯನವರು ಬರಲು ಇನ್ನೂ ಒಂದು ತಾಸು ಇತ್ತು. ಮಡಿವಾಳೆಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟಿದ್ದರು. ಭಜನೆಯವರು ತಾಳ ಕುಟ್ಟುತ್ತಿದ್ದರು. ಹೊರಗೆ ಆಷಾಢದ ಜಿಟಿಜಿಟಿ ಮಳೆ.

"ಹೊಲದ ತನಕಾ ನಡೀಬೇಕ ಯವ್ವಾ," ಎಂದಳು ಶೈಲಜಾ. "ಊಟಾ ಒಲ್ಲೆ ಅಂತಿ, ಇರ್ಲಿ. ಮೊಣಕಾಲಿನ ಗುಳಿಗಿ ಆದ್ರೂ ತಗೋ."

"ಡಬ್ಬಿ ಖಾಲಿ ಆಗೇತಿ. ಹೊಸಾದು ನಿಮ್ಮಪ್ಪನ ಚೀಲದಾಗ ಇರಬೇಕು ನೋಡು. ಜ್ವರಾ ಬರೂಕಿಂತ ಮೊದಲ ಸವದತ್ತಿಗೆ ಹೋಗಿದ್ರು."

ಆರು ವರ್ಷದಿಂದ ಆ ಗುಳಿಗೆಯೇ ಆಕೆಯನ್ನು ನಡೆಸಿತ್ತು. ಹಾಗೆಂದು ಆಕೆಯ ನಂಬಿಕೆ. ಬಂಗಾರದ ಬಣ್ಣದ, ಮೆತ್ತನೆಯ, ಒಳಗೆ ಎಣ್ಣೆ ತುಂಬಿದ ಗುಳಿಗೆ. ಹೊಸ ಡಬ್ಬಿ ತಂದಾಗಲೆಲ್ಲ ಮಡಿವಾಳೆಪ್ಪ ಬೇವಿನ ಕೆಳಗೆ ಕುಳಿತು, ಮೇಲೆ ಅಂಟಿಸಿದ ಚೀಟಿಯನ್ನು ಚಾಕುವಿನಿಂದ ಕೆರೆದು ಬೋಳು ಮಾಡಿಯೇ ಒಳಗೆ ತರುತ್ತಿದ್ದ. ಯಾಕೆಂದು ಕೇಳಿದರೆ, "ಕಿಮ್ಮತ್ತು ನೋಡಿದ್ರ ನೀ ನುಂಗಂಗಿಲ್ಲ" ಎನ್ನುತ್ತಿದ್ದ. ತೇಗು ಬಂದರೆ ಒಂಥರಾ ಆಗುತ್ತದೆ ಎಂದರೆ, "ಔಷಧ ಅಂದ್ರ ಹಂಗ" ಎಂದು ಆ ಕಡೆ ತಿರುಗುತ್ತಿದ್ದ.

ಶೈಲಜಾ ಹಿತ್ತಿಲಿಂದ ಬಂದಳು. ಕೈ ಸೆರಗಿನೊಳಗಿತ್ತು.

"ಸಿಗಲಿಲ್ಲ ಯವ್ವಾ."

ಸುಳ್ಳು ಹೇಳುವುದು ಆ ಹುಡುಗಿಗೆ ಚಿಕ್ಕಂದಿನಿಂದಲೂ ಒಗ್ಗಿದ್ದಲ್ಲ. ಅದು ಅಪ್ಪನಿಂದ ಬಂದ ಗುಣ ಎಂದು ಕೆಂಚವ್ವ ಅವತ್ತಿನವರೆಗೆ ತಿಳಿದಿದ್ದಳು.

"ಕೊಡಿಲ್ಲಿ."

ಕೆರೆಯಲು ಆತನಿಗೆ ಪುರಸೊತ್ತು ಸಿಕ್ಕಿರಲಿಲ್ಲ. ಡಬ್ಬಿಯ ಮೇಲೆ ನೀಲಿ ಸಮುದ್ರ ಇತ್ತು, ಅದರಿಂದ ಮೇಲಕ್ಕೆ ಚಿಮ್ಮಿದ ಬೆಳ್ಳಿ ಬಣ್ಣದ ಮೀನು ಇತ್ತು. ಇಂಗ್ಲಿಷ್ ಅಕ್ಷರ ಕೆಂಚವ್ವನಿಗೆ ಬಾರದು. ಮೀನಿನ ಚಿತ್ರ ನೋಡಲು ಅಕ್ಷರ ಬೇಕಿರಲಿಲ್ಲ.

ದಿನಕ್ಕೆರಡು. ಆರು ವರ್ಷ. ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ವಿಭೂತಿ ಹಚ್ಚಿಕೊಂಡು ಕುಳಿತ ಆ ಮನುಷ್ಯನ ಭುಜ ಹಿಡಿದು ಅಲುಗಿಸಿ ಕೇಳಬೇಕೆನಿಸಿತು. ಅವನು ಉತ್ತರ ಕೊಡುವ ಹಾಗಿರಲಿಲ್ಲ. ಕೊಡಬಲ್ಲವನು ಒಬ್ಬನೇ ಇದ್ದ. ಅವನು ಕಂಪೌಂಡಿನ ಹೊರಗೆ, ಮಳೆಯಲ್ಲಿ, ಕೈಯಲ್ಲಿ ಚೆಂಡು ಹೂವಿನ ಮಾಲೆ ಹಿಡಿದು ನಿಂತಿದ್ದ.

ಅಮೋಘಸಿದ್ದಪ್ಪ ಹಿನ್ನೀರಿನಲ್ಲಿ ಬಲೆ ಹಾಕುವವನು. ಮರಿಯನ್ನೂ ಬಿಡದ ಅವನ ಸಣ್ಣ ಕಣ್ಣಿನ ಬಲೆಯನ್ನು ಮಡಿವಾಳೆಪ್ಪ ಎರಡು ಸಲ ಕೊಯ್ದು ಹಾಕಿದ್ದ. ಮೊದಲ ಸಲ ಇಬ್ಬರೂ ಕೈಕೈ ಮಿಲಾಯಿಸಿದ್ದರು. ಎರಡನೆಯ ಸಲದ ನಂತರ ಇಬ್ಬರೂ ಒಂದೇ ದೋಣಿಯಲ್ಲಿ ಕುಳಿತು ಬೀಡಿ ಸೇದಲು ಶುರು ಮಾಡಿದ್ದರು. ಹೇಗೆಂದು ಇಬ್ಬರಲ್ಲಿ ಯಾರೂ ಹೇಳಿರಲಿಲ್ಲ.

"ಇದು ಏನಂತ ನಿಮಗ ಗೊತ್ತೇನ್ರಿ?" ಕೆಂಚವ್ವ ಗೇಟಿನ ತನಕ ಹೋಗಿ ಡಬ್ಬಿ ಮುಂದೆ ಹಿಡಿದಳು.

ಅವನು ತಲೆ ತಗ್ಗಿಸಿದ. "ಗೊತ್ತೈತ್ರಿ ಅಕ್ಕಾರ. ಮೀನಿನ ಎಣ್ಣಿ."

"ಅವರಿಗೆ?"

"ಮೊದಲನೇ ತಿಂಗಳು ಗೊತ್ತಿದ್ದಿಲ್ರಿ, ಡಾಕ್ಟರು ಬರೇ ಪುಡಿಕ್ಯಾಗ ಕಟ್ಟಿ ಕೊಟ್ಟಿದ್ರಂತ. ಎರಡನೇ ತಿಂಗಳು ಡಬ್ಬಿ ತಂದ್ರು. ನನ್ನ ದೋಣ್ಯಾಗ ಕುಂತ ಒಂದು ಗುಳಿಗಿ ಒಡದು ಮೂಸಿದ್ರು. ಮೀನಿನ ಕೂಡ ಜಲ್ಮಾ ಕಳದಾವ್ರು, ತಿಳಿಯಂಗಿಲ್ಲೇನ್ರಿ?"

"ಆಮ್ಯಾಲ?"

"'ಅಮೋಘಸಿದ್ದ, ನಾ ಇಲ್ಲಿ ಒಂದೊಂದು ಮರಿ ಕಾಯ್ತೇನಿ, ನಿನ್ನ ಬಲಿ ಕೊಯ್ತೇನಿ. ಅಲ್ಲಿ ಸಮುದ್ರದಾಗ ನನ್ನ ಮನಿ ಸಲುವಾಗಿ ಬಲಿ ಬೀಳಾಕತ್ತಾವು. ನಿನಗ ಬುದ್ಧಿ ಹೇಳಾಕ ಇನ್ನ ಯಾವ ಮಾರಿ ಐತಿ ನನಗ' ಅಂದ್ರು. ನೀರಾಗ ಒಗದು ಬಿಡ್ರಿ ಅಂದ್ನಿ. 'ಹೆಂಗ ಒಗೀಲೊ, ಆಕಿ ಈಗ ಎಲ್ಲಮ್ಮನ ಗುಡ್ಡಕ್ಕ ನಡಕೊಂತ ಹೋಗಾಕತ್ತಾಳ' ಅಂದ್ರು."

ಕೆಂಚವ್ವ ಗೇಟಿನ ಸರಳು ಹಿಡಿದುಕೊಂಡಳು.

"ನನಗ ಒಂದ ಮಾತ ಹೇಳಬಾರದಾಗಿತ್ತೇನ್ರಿ?"

"ಹೇಳಿದ್ರ ನೀವು ನುಂಗತಿದ್ದಿಲ್ರಿ. ಅದನ್ನೂ ಅಂದ್ನಿ ನಾ, ಅಕ್ಕಾರಿಗೆ ಹೇಳದ ತಿನಸೂದು ತಪ್ಪ ಅಂತ. 'ತಪ್ಪ ಖರೆ. ಪಾಪಾ ಬಂದ್ರ ನನಗ ಇರ್ಲಿ. ನಾ ಹೆಂಗೂ ದಿನಾ ತೊಳಕೊಂತೇನಿ' ಅಂದ್ರು."

*

ಹದಿಮೂರು ದಿನದ ಹಿಂದಿನ ಮಾತು. ಮುಂಗಾರಿನ ಹೊಸ ನೀರು ಬಂದರೆ ಮೀನು ಮೊಟ್ಟೆಯಿಡಲು ದಂಡೆಯ ಆಳವಿಲ್ಲದ ನೀರಿಗೆ ಬರುತ್ತದೆ. ಆ ಎರಡು ತಿಂಗಳು ಬಲೆ ಹಾಕುವಂತಿಲ್ಲ, ಆದರೆ ಕದ್ದು ಹಾಕುವವರು ಹಾಕುತ್ತಾರೆ. ಮಡಿವಾಳೆಪ್ಪ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಯಾರೂ ಕರೆಯದಿದ್ದರೂ ಆಷಾಢ ಬಂತೆಂದರೆ ಖಾಕಿ ಅಂಗಿ ತೊಟ್ಟು ಹೋಗುತ್ತಿದ್ದ. "ತಿನ್ನಬ್ಯಾಡ್ರಿ ಅನ್ನಂಗಿಲ್ಲ ನಾ. ತತ್ತಿ ಇಟ್ಟ ಮ್ಯಾಲ ತಿನ್ರಿ," ಎಂದು ದಂಡೆಯುದ್ದಕ್ಕೂ ಗೋಗರೆಯುತ್ತಿದ್ದ. ಮೀನು ತಿನ್ನದವನ ಬಾಯಲ್ಲಿ ಈ ಮಾತು ಕೇಳಿ ಮಂದಿ ನಗುತ್ತಿದ್ದರು.

ಅವತ್ತು ಬಲೆಯೊಂದರಲ್ಲಿ ಸಿಕ್ಕ ಬಸುರಿ ಮೀನುಗಳನ್ನು ಒಂದೊಂದಾಗಿ ಬಿಡಿಸಿ ನೀರಿಗೆ ಬಿಟ್ಟು ಬಂದಿದ್ದ. ಕೈಗೆ ಅಂಟಿದ ವಾಸನೆ ಎರಡು ಕೊಡಕ್ಕೆ ಹೋಗಲಿಲ್ಲ. ಮಳೆ ಸುರಿಯುತ್ತಿತ್ತು. ಮರುದಿನ ಅಣ್ಣ ಬರುವವನಿದ್ದ, ಕೆಂಚವ್ವನ ತಲೆ ಕೆಟ್ಟಿತ್ತು.

"ತತ್ತಿ ಉಳಿಸಿ ಏನ ಉದ್ಧಾರ ಮಾಡತೀರಿ?" ಎಂದಳು ಬಾಗಿಲಲ್ಲಿ ನಿಂತು. "ಬೆಳಿಸಿ ಬೆಳಿಸಿ ಮಂದಿ ಗಂಗಾಳಕ್ಕ ಹಾಕೂದು. ಕೊಲ್ಲಾವ್ರು ಅವರಲ್ಲ, ನೀವ. ಈ ಕೈ ಎಷ್ಟ ತೊಳದ್ರೂ ಅಷ್ಟ."

ಚಾಚಿದ ಕೈ ಹಾಗೇ ಇತ್ತು. ಆತನ ತುಟಿ ಅಲುಗಿದವು. ಕಣ್ಣು ಆಕೆಯ ಹೆಗಲ ಮೇಲಿಂದ ಹಾಯ್ದು ಒಳಗೆ ಹೋಯಿತು. ಅಲ್ಲಿ ದೇವರ ಜಗಲಿಯ ಪಕ್ಕದ ಗೋಡೆಯ ಮಾಡದಲ್ಲಿ ಆ ಬೋಳು ಡಬ್ಬಿ ಇತ್ತು. ಏನು ನೋಡುತ್ತಾನೆಂದು ಆಕೆಯೂ ಒಮ್ಮೆ ತಿರುಗಿ ನೋಡಿದ್ದಳು.

ಒಂದೇ ಮಾತು ಸಾಕಿತ್ತು. ಆಕೆಯ ಬಾಯಿ ಜೀವಮಾನವಿಡೀ ಮುಚ್ಚುತ್ತಿತ್ತು.

"ಇನ್ನೊಂದ ಕೊಡ ಹಾಕ್ಕೋತೇನಿ ತಡಿ," ಎಂದು ಆತ ಮಳೆಗೆ ಮರಳಿದ. ಮರುದಿನ ಮೈ ಕೆಂಡದಂತೆ ಸುಡುತ್ತಿತ್ತು.

*

ಅಯ್ಯನವರು ಬಂದು ಪಾದ ಇಟ್ಟು ಹೋದರು. ಶವ ಕೂರಿಸಿದ ಬಿದಿರಿನ ವಿಮಾನ ಎತ್ತುವ ಹೊತ್ತಿಗೆ ಅಮೋಘಸಿದ್ದಪ್ಪ ಅಂಗಳಕ್ಕೆ ಬಂದು ಒಂದು ಮೂಲೆಗೆ ಹೆಗಲು ಕೊಡಲು ಬಾಗಿದ. ನಿಜಗುಣಪ್ಪ ಅಡ್ಡ ಕೈ ಹಿಡಿದ.

"ನೀವು ಹಿಂದ ಬರ್ರಿ. ಹೆಗಲ ಕೊಡಾಕ ನಮ್ಮವರದಾರ."

"ಕೊಡ್ಲಿ ಬಿಡಣ್ಣಾ," ಎಂದಳು ಕೆಂಚವ್ವ.

"ನಿನಗ ತಿಳಿಯಂಗಿಲ್ಲ, ಸುಮ್ನಿರು. ಮೀನ ತಿನ್ನಾವ್ರು ಅವರು."

"ನಾನೂ ತಿಂದೇನಿ."

ತಾಳದ ಸದ್ದು ನಿಂತಿತು. ಶೈಲಜಾ ಅವ್ವನ ತೋಳು ಹಿಡಿದಳು. ದುಃಖಕ್ಕೆ ಏನೋ ಬಡಬಡಿಸುತ್ತಾಳೆ ಎಂದು ಯಾರೋ ಹೆಂಗಸು ಪಿಸುಗುಟ್ಟಿದಳು. ಕೆಂಚವ್ವ ಅಣ್ಣನ ಮುಖ ನೋಡಿಯೇ ಹೇಳಿದಳು. "ಆರು ವರ್ಷ ಆತು. ನೀ ಬಂದಾಗೆಲ್ಲ ನನ್ನ ಕೈಯಾಗ ನೀರ ಕುಡದಿ. ತಂಬಿಗಿ ಮೂಸೇ ಕುಡದಿ. ನಾತ ಬಂತೇನ?"

ನಿಜಗುಣಪ್ಪನ ಕೈ ಕೆಳಗಿಳಿಯಿತು. ಅಮೋಘಸಿದ್ದಪ್ಪ ಹೆಗಲು ಕೊಟ್ಟ.

ಹೊಲದಲ್ಲಿ ತೋಡಿದ ಕುಣಿ ಮೆತ್ತಗಾಗಿತ್ತು. ಮಡಿವಾಳೆಪ್ಪನನ್ನು ಗೂಡಿನಲ್ಲಿ ಕೂರಿಸಿ, ಪತ್ರಿ ತುಂಬಿ, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಕೆಂಚವ್ವ ಗುಳಿಗೆ ನುಂಗಿರಲಿಲ್ಲ. ಮೊಣಕಾಲು ಚುಚ್ಚುತ್ತಿದ್ದವು. ಹೋಗುವಾಗಲೂ ಬರುವಾಗಲೂ ಯಾರ ಕೈಯನ್ನೂ ಹಿಡಿಯಲಿಲ್ಲ.

ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಒಳಗಿನ ಬಚ್ಚಲಲ್ಲಿ ಓಣಿಯ ಹೆಂಗಸರು ಹಂಡೆ ತುಂಬ ನೀರು ಕಾಯಿಸಿಟ್ಟಿದ್ದರು. ಕೆಂಚವ್ವ ಮುಂಬಾಗಿಲ ತನಕ ಬಂದು ನಿಂತಳು, ಹಾಗೇ ಗೋಡೆ ಹಿಡಿದು ಸುತ್ತಿ ಬಳಸಿ ಹಿತ್ತಿಲಿಗೆ ಹೋದಳು. ಬೇವಿನ ಮೊಳೆಯಲ್ಲಿ ಖಾಕಿ ಅಂಗಿ ಮಳೆಗೆ ನೆನೆದು ಜೋತುಬಿದ್ದಿತ್ತು. ಹನ್ನೆರಡು ದಿನದ ಮಳೆ ಅದರಲ್ಲೂ ಏನೂ ಉಳಿಸಿರಲಿಲ್ಲ. ಆಕೆ ಅದನ್ನೂ ಮೂಸಿ ನೋಡಿ ಬಿಟ್ಟಳು. ಆಮೇಲೆ ಎರಡೂ ಕೈಯೂರಿ, ಮೆಲ್ಲಗೆ, ಕಲ್ಲಿನ ಮೇಲೆ ಕುಳಿತಳು. ಮೂವತ್ತೊಂದು ವರ್ಷ ಒಬ್ಬನೇ ಕುಳಿತ ಜಾಗ ನಡುವೆ ನುಣುಪಾಗಿತ್ತು.

"ನೀರ ಹಾಕ," ಎಂದಳು ಹಿಂದೆಯೇ ಬಂದ ಮಗಳಿಗೆ.

"ಇಲ್ಲ್ಯಾಕ ಯವ್ವಾ? ತಣ್ಣೀರು ಅದು. ಒಳಗ ಬಿಸಿನೀರ ಐತಿ, ಏಳು."

"ಹಾಕ."

ಶೈಲಜಾ ಹಾಕಿದಳು. ಕೆಂಚವ್ವನ ಹಲ್ಲು ಕಟಕಟ ಎಂದವು. ಇನ್ನೊಂದು ಕೊಡ ಎಂದಳು, ಅದನ್ನೂ ಹಾಕಿದಳು. ಮೂರನೆಯದಕ್ಕೆ ಶೈಲಜಾ ಕೊಡ ಕೆಳಗಿಟ್ಟು ಗೋಡೆಗೆ ಮುಖಮಾಡಿ ಅಳತೊಡಗಿದಳು. ಕೆಂಚವ್ವ ತಾನೇ ಎತ್ತಿ ಸುರಿದುಕೊಂಡಳು.

ನೀರು ಸೋರುವ ಸೀರೆಯಲ್ಲೇ ಎದ್ದು ಹಿತ್ತಿಲ ಬಾಗಿಲಿಗೆ ಬಂದಳು. ಒಳಗೆ ಜಗಲಿಯ ದೀಪ ಕಾಣುತ್ತಿತ್ತು. ಹೊಸ್ತಿಲ ಈಚೆಗೇ ನಿಂತು ಎರಡೂ ಕೈ ಮುಂದೆ ಚಾಚಿದಳು.

"ಒಳಗ ಬರ್ಲೇನ್ರಿ?"

ಚಾಚಿದ ಅಂಗೈಗಳ ಮೇಲೆ ಸೂರಿನ ನೀರು ಹನಿಯುತ್ತಿತ್ತು. ಆಕೆ ಕೈ ಹಿಂದಕ್ಕೆ ತೆಗೆದುಕೊಳ್ಳದೆ ಹಾಗೇ ಕಾಯುತ್ತ ನಿಂತಳು.